ಮನೆಗೆ ಮೊದಲು ನೆರೆ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ನಮ್ಮ ಹಿರಿಯರು ಹೇಳಿದರು. ಸಂಸಾರ ಕಟ್ಟಿಕೊಂಡು ಊರು ಬಿಟ್ಟು ನೋಡು ಎಂಬ ಮೂರನೆಯ ಮಾತನ್ನು ಅವರು ಸೇರಿಸಲಿಲ್ಲ. ಸೇರಿಸುವ ಪ್ರಸಂಗ ಅವರಿಗೆ ಅಷ್ಟಾಗಿ ಬಂದಿರಲಾರದು. ಹುಟ್ಟಿದ ಊರಿನಲ್ಲಿಯೇ ದುಡಿದು ಅಲ್ಲಿಯೇ ಕಣ್ಣು ಮುಚ್ಚುವವನಿಗೆ, ಯಾವ ಬೀದಿಯಲ್ಲಿ ವಾಸ ಮಾಡಬೇಕೆಂಬ ಪ್ರಶ್ನೆ ಏಳುವುದಿಲ್ಲ. ಎದ್ದರೂ ಅದಕ್ಕೆ ಉತ್ತರ ಹೇಳುವ ಸ್ವಾತಂತ್ರ್ಯ ಎಲ್ಲರಿಗೂ ಇರಲಿಲ್ಲ. ಹುಟ್ಟಿದ ಜಾತಿಯೇ ಅವನ ಕೇರಿಯನ್ನು ಗೊತ್ತುಮಾಡಿಬಿಡುತ್ತಿತ್ತು. ಆದುದರಿಂದ, ನೆರೆಯನ್ನು ತಾನೇ ಆರಿಸಿಕೊಳ್ಳುವುದು ನಮ್ಮ ಜನಕ್ಕೆ ಹೊಸ ಅಧಿಕಾರ; ಹೊಸ ಜವಾಬ್ದಾರಿಯೂ ಹೌದು.

ಬೆಂಗಳೂರನ್ನೇ ನೋಡಿ. 1537ರಲ್ಲಿ ಕೆಂಪೇಗೌಡರು ಕಟ್ಟಿಸಿದರೆಂದು ಹೇಳುವ ಊರಿನಲ್ಲಿ ಬಳೇಪೇಟೆ, ಕುಂಬಾರಪೇಟೆ, ಅಕ್ಕಿಪೇಟೆ ಎಂದು ಕಸುಬಿಗೊಂದು, ಸರಕಿಗೊಂದು ಪೇಟೆ. ಅಂಗಡಿಯ ಹಿಂದೆಯೋ ಮೇಲೆಯೋ ಮನೆ. ದುಡಿಮೆಗೂ ಬಿಡಾರಕ್ಕೂ ನಡುವೆ ದೂರವೇ ಇಲ್ಲ. 1898ರಲ್ಲಿ ಪ್ಲೇಗು ಬಂದಾಗ ಆ ಇಕ್ಕಟ್ಟಿನ ಓಣಿಗಳನ್ನು ಬಿಟ್ಟು ಜನ ಹೊರಗೆ ಹೋದರು. ಆ ದಶಕದಲ್ಲಿ ರೂಪುಗೊಂಡ ಮಲ್ಲೇಶ್ವರ, ಬಸವನಗುಡಿಗಳು ತುಂಬತೊಡಗಿದವು. 1948ರಲ್ಲಿ ಜಯನಗರಕ್ಕೆ ಅಸ್ತಿಭಾರ ಬಿತ್ತು. ಇತ್ತ 1940ರ ವಿಮಾನ ಕಾರ್ಖಾನೆ, 1948ರ ದೂರವಾಣಿ ಕಾರ್ಖಾನೆ, 1954ರ ಬಿ.ಇ.ಎಲ್. ಇವುಗಳಿಗೆ ಪರವೂರಿನಿಂದ ಬಂದವರಲ್ಲಿ ಅನೇಕರಿಗೆ ಕಾರ್ಖಾನೆಯ ಕಾಲೊನಿಯಲ್ಲಿಯೇ ಮನೆ ಸಿಕ್ಕಿತು. ಕೆಲಸ ಕೊಟ್ಟವರೇ ಮನೆಯನ್ನೂ ಶಾಲೆಯನ್ನೂ ಆಟದ ಬಯಲನ್ನೂ ಕೊಟ್ಟರು. ಈಗ ಕೆಲಸ ಕೊಡುವವರು ಸಂಬಳ ಕೊಡುತ್ತಾರೆ. ನೆರೆಯನ್ನು ನಾವೇ ಹುಡುಕಿಕೊಳ್ಳಬೇಕು.

ಸರ್ಕಾರಿ ಕಾಲೇಜಿನ ಅಧ್ಯಾಪಕನಾಗಿ ನಾನೂ ಊರೂರು ತಿರುಗಿದವನು. ವರ್ಗಾವಣೆಯ ಆಜ್ಞೆ ಕೈಸೇರಿದ ದಿನ ನಾನು ಕಾಲೇಜಿನ ಗ್ರಂಥಾಲಯ ಹೇಗಿದೆಯೋ ಎಂದು ಯೋಚಿಸುತ್ತಿದ್ದರೆ, ನನ್ನ ಮನೆಯಾಕೆ ಕೇಳುತ್ತಿದ್ದ ಮೊದಲ ಪ್ರಶ್ನೆ, “ಅಲ್ಲಿ ನಲ್ಲಿ ಎಷ್ಟು ದಿನಕ್ಕೊಮ್ಮೆ ಬರುತ್ತದಂತೆ?” ಎಂಬುದು. ಊರನ್ನು ಅಳೆಯಲು ನನ್ನ ಬಳಿ ಒಂದು ಕೋಲಿತ್ತು, ಆಕೆಯ ಬಳಿ ಇನ್ನೊಂದು. ಇಂದಿನ ನನ್ನ ಮಾತೆಲ್ಲವೂ ಈ ಎರಡು ಕೋಲುಗಳನ್ನು ಕುರಿತದ್ದು.

ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಗೆ ಶಿವಮೊಗ್ಗದಿಂದ ಬೆಂಗಳೂರಿಗೆ, ವೈಟ್‌ಫೀಲ್ಡಿನ ಕಚೇರಿಯೊಂದಕ್ಕೆ ಕೆಲಸ ಬದಲಾಯಿತು. ಹೆಂಡತಿ, ಇಬ್ಬರು ಮಕ್ಕಳು, ಎಪ್ಪತ್ತು ದಾಟಿದ ತಾಯಿ, ಇಷ್ಟು ಅವನ ಸಂಸಾರ. ಸಲಹೆ ಕೇಳಲು ಬಂದವನು ಕೈಯಲ್ಲಿ ಒಂದು ಪಟ್ಟಿ ಹಿಡಿದಿದ್ದ. ಅದರಲ್ಲಿ ಆರು ಬಡಾವಣೆಗಳು, ಪ್ರತಿಯೊಂದರ ಮುಂದೆ ಬಾಡಿಗೆ, ಕಚೇರಿಗೆ ಎಷ್ಟು ನಿಮಿಷದ ದಾರಿ ಎಂಬ ಲೆಕ್ಕ. ಅಷ್ಟೇ. “ಸರ್, ಹದಿನೈದು ನಿಮಿಷದ್ದು ಒಂದಿದೆ, ಹದಿನಾಲ್ಕನೇ ಮಹಡಿ, ಅದನ್ನೇ ಹಿಡಿದುಬಿಡಲೆ?” ಎಂದ.

ನಾನು ಅವನಿಂದ ಇನ್ನೊಂದು ಲೆಕ್ಕ ಬರೆಸಿದೆ. “ನೀನು ಬೆಳಗ್ಗೆ ಎಂಟಕ್ಕೆ ಹೊರಟು ರಾತ್ರಿ ಎಂಟಕ್ಕೆ ಬರುವವನು. ಎಚ್ಚರವಾಗಿ ಆ ಬಡಾವಣೆಯಲ್ಲಿ ನೀನು ಇರುವುದು ದಿನಕ್ಕೆ ಎಷ್ಟು ಹೊತ್ತು?” ನಾಲ್ಕು ಗಂಟೆ ಎಂದು ಬರೆದ. ಹೆಂಡತಿ ಮನೆಯಿಂದಲೇ ಅರ್ಧ ದಿನ ಕೆಲಸ ಮಾಡುವವಳು. ಅವಳದು ಹದಿನೈದು ಗಂಟೆ. ಶಾಲೆಯ ಹೊತ್ತು ಕಳೆದರೆ ಮಕ್ಕಳದು ಏಳೆಂಟು. “ಅಮ್ಮನದು?” ಅವನು ಪೆನ್ನನ್ನು ಹಾಗೆಯೇ ಹಿಡಿದು ಸ್ವಲ್ಪ ಹೊತ್ತು ಸುಮ್ಮನಿದ್ದ. ಎಚ್ಚರವಿದ್ದಷ್ಟು ಹೊತ್ತೂ ಅಮ್ಮ ಅಲ್ಲಿಯೇ. ಎಲ್ಲರಿಗಿಂತ ಕಡಿಮೆ ಹೊತ್ತು ಇರುವವನು ಎಲ್ಲರ ಪರವಾಗಿ ಬಡಾವಣೆಯನ್ನು ಗೊತ್ತುಮಾಡುತ್ತಿದ್ದಾನೆ ಎಂಬುದು ಆ ಕಾಗದದ ಮೇಲೆ ತಾನಾಗಿ ಮೂಡಿಬಂತು.

ದುಡಿಯುವವನ ಕಷ್ಟ ಸಣ್ಣದೆಂದು ನಾನು ಹೇಳಲಾರೆ. ಹೋಗಿಬರುವುದಕ್ಕೆ ದಿನಕ್ಕೆ ಎರಡು ಗಂಟೆ ಎಂದರೆ, ವರ್ಷದ 250 ಕೆಲಸದ ದಿನಗಳಿಗೆ 500 ಗಂಟೆ. ಸುಮಾರು ಇಪ್ಪತ್ತೊಂದು ಹಗಲಿರುಳುಗಳು ರಸ್ತೆಯ ಪಾಲು. ಅಷ್ಟು ದಿನ ತಂದೆಯನ್ನು ಕಳೆದುಕೊಳ್ಳುವವರು ಮಕ್ಕಳೇ. ಆದರೆ ಇದಕ್ಕೆ ಒಂದು ಮಧ್ಯಮಮಾರ್ಗ ಇದೆ. ಕಚೇರಿಯ ಹತ್ತಿರ ಮನೆ ಮಾಡುವುದು ಬೇರೆ, ಕಚೇರಿಯ ದಾರಿಯ ಹತ್ತಿರ ಮನೆ ಮಾಡುವುದು ಬೇರೆ. 2023ರ ಅಕ್ಟೋಬರಿನಲ್ಲಿ ವೈಟ್‌ಫೀಲ್ಡಿನಿಂದ ಚಲ್ಲಘಟ್ಟದವರೆಗೆ ಮೆಟ್ರೋ ರೈಲು ಪೂರ್ಣವಾಯಿತು. 2025ರ ಆಗಸ್ಟಿನಲ್ಲಿ ಆರ್.ವಿ. ರಸ್ತೆಯಿಂದ ಎಲೆಕ್ಟ್ರಾನಿಕ್ ಸಿಟಿಯ ಮೂಲಕ ಬೊಮ್ಮಸಂದ್ರದವರೆಗೆ ಇನ್ನೊಂದು ಮಾರ್ಗ ತೆರೆಯಿತು. ನಿಂತ ವಾಹನದಲ್ಲಿ ಕಳೆಯುವ ಅರ್ಧ ಗಂಟೆಗೂ, ಓಡುವ ರೈಲಿನಲ್ಲಿ ಪುಸ್ತಕ ಹಿಡಿದು ಕಳೆಯುವ ಅರ್ಧ ಗಂಟೆಗೂ ಅಜಗಜಾಂತರ. ನಿಲ್ದಾಣಕ್ಕೆ ನಡೆದುಹೋಗಬಹುದಾದ ಮನೆ ದೊರೆತರೆ, ದುಡಿಯುವವನ ಕೋಲಿನ ಅಳತೆ ಅಲ್ಲಿಗೆ ಸಾಕು. ಇನ್ನು ಮನೆಯಲ್ಲಿ ಉಳಿಯುವವರ ಕೋಲನ್ನು ಕೈಗೆ ತೆಗೆದುಕೊಳ್ಳಬೇಕು.

ಆ ಕೋಲಿನ ಮೊದಲ ಗೇಣು ನೀರು. ಬೆಂಗಳೂರು ಹೊಳೆಯ ದಂಡೆಯ ಊರಲ್ಲ. 1890ರ ದಶಕದಲ್ಲಿ ಹೆಸರಘಟ್ಟದಿಂದ, 1933ರಲ್ಲಿ ತಿಪ್ಪಗೊಂಡನಹಳ್ಳಿಯಿಂದ, 1974ರಿಂದ ಈಚೆಗೆ ಸುಮಾರು ನೂರು ಕಿಲೋಮೀಟರ್ ದೂರದ ಕಾವೇರಿಯಿಂದ ಅದು ನೀರು ತರಿಸಿಕೊಂಡು ಕುಡಿಯುತ್ತಿದೆ. ಕಾವೇರಿಯ ನೀರನ್ನು ಐನೂರು ಮೀಟರಿನಷ್ಟು ಮೇಲಕ್ಕೆ ಎತ್ತಿ ತರಬೇಕು. 2007ರಲ್ಲಿ ನಗರದೊಳಕ್ಕೆ ಸೇರಿಸಿದ 110 ಹಳ್ಳಿಗಳಿಗೆಂದು ಕಾವೇರಿಯ ಐದನೆಯ ಹಂತ ಉದ್ಘಾಟನೆಯಾದುದು 2024ರ ಅಕ್ಟೋಬರಿನಲ್ಲಿ. ಅದಕ್ಕೆ ಮುನ್ನ, ಅದೇ ವರ್ಷದ ಬೇಸಗೆಯಲ್ಲಿ ಕೊಳವೆಬಾವಿಗಳು ಬತ್ತಿ, ಸಿರಿವಂತರ ಬಡಾವಣೆಗಳೂ ಟ್ಯಾಂಕರಿನ ದಾರಿ ಕಾದುವು. ಆದ್ದರಿಂದ ಮನೆಯ ಮಾಲೀಕರನ್ನು “ನೀರಿದೆಯೆ?” ಎಂದು ಕೇಳಿ ಪ್ರಯೋಜನವಿಲ್ಲ, ಇದೆ ಎಂದೇ ಹೇಳುತ್ತಾರೆ. ಕಾವೇರಿಯ ನಲ್ಲಿಯೇ, ಕೊಳವೆಬಾವಿಯೇ, ಟ್ಯಾಂಕರೇ? ವಾರಕ್ಕೆ ಎಷ್ಟು ಸಲ? ಕಳೆದ ಏಪ್ರಿಲ್‌ನಲ್ಲಿ ಏನು ಮಾಡಿದಿರಿ? ಹೀಗೆ ಕೇಳಬೇಕು, ಅದನ್ನೂ ಎದುರು ಮನೆಯ ಗೃಹಿಣಿಯನ್ನು ಕೇಳಬೇಕು.

ಎರಡನೆಯದು ಮಳೆ. ಕನ್ನಡದಲ್ಲಿ ‘ನೆರೆ’ ಎಂಬ ಮಾತಿಗೆ ಪಕ್ಕದವರು ಎಂಬ ಅರ್ಥವೂ ಇದೆ, ಪ್ರವಾಹ ಎಂಬ ಅರ್ಥವೂ ಇದೆ. 2022ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರಿನ ಕಡೆಯ ಬಡಾವಣೆಗಳಲ್ಲಿ ಎರಡೂ ಅರ್ಥಗಳು ಒಂದೇ ದಿನ ಬಾಗಿಲಿಗೆ ಬಂದವು. ದೊಡ್ಡ ಸಂಬಳದವರು ಟ್ರಾಕ್ಟರುಗಳ ಮೇಲೆ ಕುಳಿತು ಕಚೇರಿಗೆ ಹೋದರು. ಬೆಂಗಳೂರಿನ ಕೆರೆಗಳು ಒಂದರ ಕೋಡಿ ಇನ್ನೊಂದಕ್ಕೆ ಹರಿಯುವಂತೆ ಸರಪಳಿಯಾಗಿ ಕಟ್ಟಿದವು. ಕೆರೆಯನ್ನು ಮುಚ್ಚಬಹುದು, ನೀರಿಗೆ ತನ್ನ ಹಾದಿ ಮರೆತುಹೋಗುವುದಿಲ್ಲ. ಮೆಜೆಸ್ಟಿಕ್ಕಿನ ಬಸ್ ನಿಲ್ದಾಣ ನಿಂತಿರುವುದು ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ, ಕಂಠೀರವ ಕ್ರೀಡಾಂಗಣ ಸಂಪಂಗಿ ಕೆರೆಯ ಅಂಗಳದಲ್ಲಿ. ಮನೆ ನೋಡಲು ಬಿಸಿಲಿನ ಭಾನುವಾರ ಹೋಗಬೇಡಿ. ಜೋರು ಮಳೆ ಬಂದ ಮರುದಿನ ಹೋಗಿ. ಕಾಂಪೌಂಡಿನ ಗೋಡೆಯ ಮೇಲೆ ನೀರು ನಿಂತ ಗೆರೆ ಎಷ್ಟು ಎತ್ತರದಲ್ಲಿದೆ ನೋಡಿ. ಆ ಗೆರೆ ದಳ್ಳಾಳಿಯ ಮಾತಿಗಿಂತ ಪ್ರಾಮಾಣಿಕವಾದದ್ದು.

ಮೂರನೆಯದು ಕಾಲುನಡಿಗೆ. ಸಂಜೆ ಐದು ಗಂಟೆಗೆ ಮನೆಯ ಹಿರಿಯರನ್ನೂ ಕಿರಿಯ ಮಗುವನ್ನೂ ಕರೆದುಕೊಂಡು ಆ ಬೀದಿಯಲ್ಲಿ ಅರ್ಧ ಮೈಲಿ ನಡೆಯಿರಿ. ಕಾಲುದಾರಿ ಇದೆಯೆ? ದಾರಿ ದಾಟಲು ಯಾರ ಕೈಯನ್ನಾದರೂ ಹಿಡಿಯಬೇಕೆ? ಸೊಪ್ಪಿನವಳು, ಔಷಧಿಯ ಅಂಗಡಿ, ಕುಳಿತುಕೊಳ್ಳಲು ಒಂದು ಕಲ್ಲುಬೆಂಚು ಕಾಣುತ್ತವೆಯೆ? 2023ರ ಜೂನಿನಲ್ಲಿ ಶಕ್ತಿ ಯೋಜನೆ ಬಂದು ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೇಟಿನ ಹಣವಿಲ್ಲದಾಯಿತು. ಆದರೆ ಬಸ್ ನಿಲ್ದಾಣದವರೆಗೆ ನಡೆಯಲಾಗದಿದ್ದರೆ ಆ ಯೋಜನೆ ಅವರ ಪಾಲಿಗೆ ಇದ್ದೂ ಇಲ್ಲದಂತೆ. ಮಕ್ಕಳ ಶಾಲೆಯನ್ನು ಮೊದಲು ಗೊತ್ತುಮಾಡಿ, ಮನೆಯನ್ನು ಅದರ ಸುತ್ತ ಹುಡುಕುವುದು ಒಳ್ಳೆಯದು. ಮತ್ತೊಂದು ಮಾತು; ಕನ್ನಡ ಮೇಷ್ಟರ ಹುಚ್ಚೆಂದು ನಕ್ಕರೂ ಸರಿಯೆ. ಸಾರ್ವಜನಿಕ ಗ್ರಂಥಾಲಯದ ಶಾಖೆ ಎಲ್ಲಿದೆ ಎಂದು ವಿಚಾರಿಸಿ. 1965ರ ಕಾಯಿದೆಯಂತೆ ಆಸ್ತಿತೆರಿಗೆಯ ಜೊತೆಗೆ ಗ್ರಂಥಾಲಯದ ಕರವನ್ನೂ ವಸೂಲು ಮಾಡುತ್ತಾರೆ. ತೆತ್ತದ್ದನ್ನು ಓದಿ ತೀರಿಸಿಕೊಳ್ಳಬೇಡವೆ?

ನಾಲ್ಕನೆಯದಾಗಿ, ಅವಸರದಲ್ಲಿ ಕೊಂಡುಕೊಳ್ಳಬೇಡಿ. ಮೊದಲ ವರ್ಷ ಬಾಡಿಗೆಯೇ ಇರಲಿ. ಕರಾರು ಹನ್ನೊಂದು ತಿಂಗಳಿಗೆ ಆಗುವುದು ವಾಡಿಕೆ. ಒಂದು ವರ್ಷಕ್ಕೆ ಮೀರಿದರೆ ನೋಂದಣಿ ಕಡ್ಡಾಯವೆಂಬುದು ಅದರ ಗುಟ್ಟು. ಬಾಡಿಗೆದಾರನ ಪಾಲಿಗೆ ಆ ಹನ್ನೊಂದು ತಿಂಗಳು ಪರೀಕ್ಷೆಯ ಅವಧಿ. ಒಂದು ಮಳೆಗಾಲವೂ ಒಂದು ಬೇಸಗೆಯೂ ಅದರೊಳಗೆ ಸಾಮಾನ್ಯವಾಗಿ ಬಂದುಹೋಗುತ್ತವೆ. ಎರಡರಲ್ಲಿಯೂ ತೇರ್ಗಡೆಯಾದ ಬಡಾವಣೆಯಲ್ಲಿ ಮಾತ್ರ ಖಾತೆ, ಕ್ರಯಪತ್ರಗಳ ಮಾತೆತ್ತಿ.

ಇವೆಲ್ಲ ಕಣ್ಣಿಗೆ ಕಾಣುವ ಸಂಗತಿಗಳು. ಕಾಣದ ಇನ್ನೊಂದು ಉಳಿಯುತ್ತದೆ. ನಮ್ಮ ವಿದ್ಯಾರ್ಥಿ ತಾಯಿಯನ್ನು ಆ ಹದಿನಾಲ್ಕನೆಯ ಮಹಡಿಗೆ ಕರೆದುಕೊಂಡು ಹೋಗಿ ತೋರಿಸಿದ. ನೆಲ ಕನ್ನಡಿಯಂತಿತ್ತು, ಕಾವಲಿಗೆ ಜನರಿದ್ದರು, ಕೆಳಗೆ ಈಜುಕೊಳವಿತ್ತು. ಆ ತಾಯಿ ಎಲ್ಲವನ್ನೂ ನೋಡಿ, ಬಾಲ್ಕನಿಯಿಂದ ಕೆಳಗೆ ಒಮ್ಮೆ ಬಗ್ಗಿ ನೋಡಿ, ಮಗನನ್ನು ಕೇಳಿದರಂತೆ: “ಇಲ್ಲಿಂದ ಯಾರನ್ನ ಕೂಗಿದ್ರೆ ಕೇಳ್ಸತ್ತೆ, ಮಗಾ?”

ನನ್ನ ಪಟ್ಟಿಯಲ್ಲಿ ಈ ಪ್ರಶ್ನೆ ಇರಲಿಲ್ಲ. ಯಾವ ಪಟ್ಟಿಯಲ್ಲಿಯೂ ಇರುವುದಿಲ್ಲ. ಆದರೆ ನೆರೆ ಎಂಬ ಮಾತಿನ ತಿರುಳು ಇದೇ. ಕೂಗಿದರೆ ಕೇಳಿಸುವಷ್ಟು ದೂರದಲ್ಲಿ ಇರುವವರು ನೆರೆಯವರು. ನಗರದಲ್ಲಿ ಗೋಡೆಗೆ ಗೋಡೆ ಅಂಟಿದ್ದರೂ ಆ ದೂರ ಹೆಚ್ಚಿರಬಹುದು. ಮನೆ ಕೇಳಲು ಹೋದವನ ಹೆಸರು, ಕುಲ, ಊಟ ಇವುಗಳನ್ನು ಬಾಗಿಲಲ್ಲಿಯೇ ವಿಚಾರಿಸುವ ಮಾಲೀಕರು ಇಂದೂ ಇದ್ದಾರೆ. ಅಂಥವರ ಗೋಡೆಯ ಆಚೆ ಮನೆ ಸಿಕ್ಕೀತು, ನೆರೆ ಸಿಕ್ಕುವುದು ಕಷ್ಟ.

ಕೊನೆಗೆ ಅವರು ಆರಿಸಿಕೊಂಡದ್ದು ಪಟ್ಟಿಯಲ್ಲಿ ಇಲ್ಲದ ಜಾಗವನ್ನು, ಕೃಷ್ಣರಾಜಪುರದ ಹಳೆಯ ಭಾಗವನ್ನು. ನಾವು ಬಡಾವಣೆಗಳನ್ನೇ ಹುಡುಕುತ್ತಾ, ನಗರ ನುಂಗಿದ ಹಳೆಯ ಊರುಗಳನ್ನು ಮರೆತುಬಿಡುತ್ತೇವೆ. ಕೃಷ್ಣರಾಜಪುರ, ಯಲಹಂಕ, ಕೆಂಗೇರಿ ಇವು 2007ರವರೆಗೆ ತಮ್ಮದೇ ಪುರಸಭೆ, ನಗರಸಭೆಗಳಿದ್ದ ಊರುಗಳು. ಅವಕ್ಕೆ ತಮ್ಮದೇ ಗುಡಿ, ಪೇಟೆಬೀದಿಗಳಿವೆ, ಒಬ್ಬರನ್ನೊಬ್ಬರು ಬಲ್ಲ ಮನೆಗಳಿವೆ. ಮನೆ ಹಳೆಯದು, ನೆಲಕ್ಕೆ ಕನ್ನಡಿಯ ಹೊಳಪಿಲ್ಲ, ಬೀದಿಯಲ್ಲಿ ಗದ್ದಲವಿದೆ, ನೀರಿನ ಸಂಪಿನ ಮೇಲೆ ಕಣ್ಣಿಟ್ಟಿರಬೇಕು. ಮಗನಿಗೆ ಹದಿನೈದು ನಿಮಿಷದ ದಾರಿ ನಲವತ್ತಾಯಿತು. ಆ ಇಪ್ಪತ್ತೈದು ನಿಮಿಷವನ್ನು ಅವನು ತಿಳಿದೇ ತೆತ್ತ. ತಾಯಿಗೆ ಮೂರನೆಯ ವಾರ ಸಂತೆಯ ದಾರಿ ಗೊತ್ತಾಯಿತು; ಎರಡನೆಯ ತಿಂಗಳು ಪಕ್ಕದ ಮನೆಯ ಕರಿಬೇವಿನ ಗಿಡದ ಮೇಲೆ ಹಕ್ಕು ಬಂತು. ಅಲ್ಲಿನ ನೆರೆಯವರ ಮಾತಿನಲ್ಲಿ ತೆಲುಗೂ ತಮಿಳೂ ಬೆರೆತಿವೆ. ಆಕೆಗೆ ಗೊತ್ತಿರುವುದು ಮಲೆನಾಡಿನ ಕನ್ನಡ ಒಂದೇ. ಅದರಿಂದ ಮಾತುಕತೆಗೆ ಯಾವ ತೊಂದರೆಯೂ ಆದಂತಿಲ್ಲ.

ಕೆಲಸ ನಮ್ಮನ್ನು ಊರಿನಿಂದ ಊರಿಗೆ ಎತ್ತಿ ಹಾಕುತ್ತದೆ. ಅದನ್ನು ತಡೆಯುವ ಶಕ್ತಿ ನಮ್ಮಲ್ಲಿ ಅನೇಕರಿಗಿಲ್ಲ. ಆದರೆ ಎಲ್ಲಿ ಬೇರು ಬಿಡಬೇಕೆಂಬುದನ್ನು ಕೆಲಸಕ್ಕೆ ಬಿಟ್ಟುಕೊಡಬೇಕಾಗಿಲ್ಲ. ಸಂಬಳ ತರುವವನು ಮನೆಯ ಬಾಡಿಗೆಯನ್ನು ಕೊಡುತ್ತಾನೆ, ನಿಜ. ಆ ಮನೆಯ ಹಗಲುಗಳನ್ನು ಬಾಳುವವರು ಬೇರೆಯವರು. ಮುಂಗಡ ಕೊಡುವ ಮುನ್ನ ಅವರನ್ನು ಒಮ್ಮೆ ಆ ಬೀದಿಯಲ್ಲಿ ನಡೆಸಿ ತನ್ನಿ. ಅವರು ಏನು ಕೇಳುತ್ತಾರೋ ಕಿವಿಗೊಡಿ.