ಶಿಲ್ಪಿಯ ಕೈಯ ಅಚ್ಚು

ಹುನಗುಂದ ತಾಲ್ಲೂಕಿನ ಐಹೊಳೆಯಲ್ಲಿ, ಮೇಗುತಿ ಗುಡಿಯ ಗೋಡೆಯ ಮೇಲೆ, ರವಿಕೀರ್ತಿ ರಚಿಸಿದ ಕ್ರಿ.ಶ. 634ರ ಶಾಸನವಿದೆ. ಇಂಥ ಶಾಸನಗಳ ಪಡಿಯಚ್ಚು ತೆಗೆಯುವುದನ್ನು ನಿಮ್ಮಲ್ಲಿ ಕೆಲವರಾದರೂ ನೋಡಿರಬೇಕು. ಕಲ್ಲನ್ನು ತೊಳೆದು, ಒದ್ದೆ ಕಾಗದ ಹಚ್ಚಿ, ಬಿರುಸು ಬ್ರಷ್ಷಿನಿಂದ ಬಡಿಯುತ್ತಾರೆ. ಕಾಗದ ಅಕ್ಷರದ ಕುಳಿಗಳೊಳಗೆ ಇಳಿಯುತ್ತದೆ. ಮೇಲೆ ಮಸಿಯ ಉಂಡೆಯಿಂದ ತಟ್ಟಿದರೆ ಕಲ್ಲಿನ ಮೈ ಕಪ್ಪಾಗಿ, ಕೊರೆದ ಅಕ್ಷರ ಬೆಳ್ಳಗೆ ಎದ್ದು ಕಾಣುತ್ತದೆ. ಉಳಿಯ ಕೆಲಸ ಕಾಗದಕ್ಕೆ ಬರುವ ಪರಿ ಇದು. ನಾನಿಂದು ಹೇಳಹೊರಟ ಮುದ್ರಣಕಲೆಗೆ ಇದಕ್ಕಿಂತ ಒಳ್ಳೆಯ ಬಾಗಿಲು ನನಗೆ ತೋರದು.

ಅಚ್ಚು ಎಂದೊಡನೆ ನಕಲು ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಬಾಗಲಕೋಟೆಯ ಅಂಗಡಿಯಲ್ಲಿ ತೂಗುವ ಕ್ಯಾಲೆಂಡರೂ ಅಚ್ಚೇ, ಕಲಾವಿದ ತೆಗೆದದ್ದೂ ಅಚ್ಚೇ ಎಂದ ಮೇಲೆ ಭೇದವೇನೆಂದು ಕೇಳುವವರಿದ್ದಾರೆ. ಪ್ರಶ್ನೆ ಹಗುರವಾದುದಲ್ಲ. ಕ್ಯಾಲೆಂಡರಿಗೆ ಬೇರೆಲ್ಲಿಯೋ ಒಂದು ಮೂಲಚಿತ್ರವಿರುತ್ತದೆ. ಕಲಾವಿದ ಕೊರೆದ ತಗಡಿನ ಹಿಂದೆ ಅಂಥ ಮೂಲವಿಲ್ಲ. ತಗಡು ಕಾಗದವನ್ನು ಒತ್ತಿದಾಗಲೇ ಚಿತ್ರ ಹುಟ್ಟುತ್ತದೆ.

ಇಟಲಿಯ ಮರೀನೋ ಮರೀನಿ (1901–1980) ಕಂಚಿನ ಕುದುರೆ-ಸವಾರರಿಂದ ಹೆಸರಾದ ಶಿಲ್ಪಿ. 1952ರ ವೆನಿಸ್ ಬಿಯೆನಾಲೆಯಲ್ಲಿ ಶಿಲ್ಪಕ್ಕಾಗಿ ಬಹುಮಾನ ಪಡೆದವನು. ಅದೇ ಕುದುರೆಯನ್ನು ಆತ ಕಲ್ಲಚ್ಚಿನಲ್ಲಿಯೂ ಲೋಹದ ತಗಡಿನಲ್ಲಿಯೂ ಮತ್ತೆ ಮತ್ತೆ ತಂದ. ಮೊದಮೊದಲು ಸವಾರ ನೆಟ್ಟಗೆ ಕುಳಿತಿದ್ದಾನೆ. ಎರಡನೆಯ ಮಹಾಯುದ್ಧದ ತರುವಾಯ ಕುದುರೆ ಕತ್ತು ಚಾಚಿ ಕುಸಿಯುತ್ತದೆ, ಸವಾರ ಜಾರಿ ಬೀಳುತ್ತಾನೆ. ನಮ್ಮ ವೀರಗಲ್ಲಿನ ಸವಾರನಿಗೆ ಮೇಲಿನ ಪಟ್ಟಿಕೆಯಲ್ಲಿ ಸ್ವರ್ಗವಾದರೂ ಉಂಟು. ಈತನಿಗೆ ಅದೂ ಇಲ್ಲ. ಕಂಚಿನ ಮೈಯನ್ನೇ ಕೆರೆದು ಬಣ್ಣ ಹಚ್ಚುತ್ತಿದ್ದ ಮರೀನಿಗೆ ತಗಡನ್ನು ಗೀರುವುದು ಬೇರೆ ಕಸುಬೆಂದು ತೋರಿರಲಾರದು.

ಮಿಲಾನಿನಲ್ಲಿ ಆತನ ಬಳಿ ಕಲಿತವರಲ್ಲಿ ನಮ್ಮ ಕೋಲಾರದ ನೆರೆಯ ಚಿತ್ತೂರು ಸೀಮೆಯ ಕೃಷ್ಣ ರೆಡ್ಡಿ (1925–2018) ಒಬ್ಬರು. ಶಾಂತಿನಿಕೇತನದಲ್ಲಿ ನಂದಲಾಲ್ ಬೋಸ್, ಲಂಡನ್ನಿನಲ್ಲಿ ಹೆನ್ರಿ ಮೂರ್ ಅವರ ಗುರುಗಳು. ಪ್ಯಾರಿಸ್ಸಿನಲ್ಲಿ ಹೇಟರ್ ನಡೆಸುತ್ತಿದ್ದ 'ಅಟೆಲಿಯೆ 17' ಕಾರ್ಯಾಗಾರದಲ್ಲಿ ಅವರು ತಗಡನ್ನು ಉಬ್ಬುಶಿಲ್ಪದಂತೆ ಹಲವು ಆಳಗಳಲ್ಲಿ ಕೊರೆದರು. ಕೈಕೋ ಮೋಟಿಯವರೊಡನೆ ಅಲ್ಲಿ ರೂಪಿಸಿದ ವಿಧಾನ ಕೇಳಲು ಸರಳ. ಅಗಸೆ ಎಣ್ಣೆ ಬೆರೆಸಿ ತೆಳುವಾಗಿಸಿದ ಮಸಿಯನ್ನು ಗಡುಸು ಉರುಳೆಯಿಂದ ಎತ್ತರದ ಭಾಗಗಳಿಗೆ ಹಚ್ಚುವುದು. ಅನಂತರ ಮಂದವಾದ ಇನ್ನೊಂದು ಮಸಿಯನ್ನು ಮೆತ್ತನೆಯ ಉರುಳೆಯಿಂದ ತಗ್ಗುಗಳಿಗೆ ಇಳಿಸುವುದು. ಎಣ್ಣೆ ಹೆಚ್ಚಿರುವ ಮಸಿ ಮಂದ ಮಸಿಯನ್ನು ತನ್ನ ಮೇಲೆ ಕೂರಗೊಡದು. ಹೀಗೆ ಒಂದೇ ತಗಡು, ಒಂದೇ ಒತ್ತು, ಹಲವು ಬಣ್ಣ.

ಬಾದಾಮಿಯ ಮೂರನೆಯ ಗುಹೆಯಲ್ಲಿ (ಕ್ರಿ.ಶ. 578) ತ್ರಿವಿಕ್ರಮನೆತ್ತಿದ ಕಾಲು ಎಷ್ಟು ಮುಂದೆ, ಹಿಂದಣ ಗೋಡೆ ಎಷ್ಟು ಒಳಗೆ ಎಂಬುದನ್ನು ನೆರಳು ಹೇಳುತ್ತದೆ. ರೆಡ್ಡಿಯವರ ತಗಡಿನಲ್ಲಿ ಆ ಕೆಲಸವನ್ನು ಬಣ್ಣ ಮಾಡುತ್ತದೆ. 1963ರ ಅವರ 'ನೀರಸುಳಿ'ಯನ್ನು ನೋಡುವಾಗ ಕಣ್ಣು ಬಣ್ಣದಿಂದ ಬಣ್ಣಕ್ಕೆ ಸರಿಯುವುದಿಲ್ಲ, ಆಳಕ್ಕೆ ಇಳಿಯುತ್ತದೆ. ಇಂಥ ಅಚ್ಚೊಂದು ಎದುರಾದರೆ ಓರೆಬೆಳಕಿನಲ್ಲಿ ನಿಂತು ನೋಡಿರಿ. ಕಾಗದ ಸಮತಟ್ಟಾಗಿರುವುದಿಲ್ಲ. ತಗಡಿನಲ್ಲಿ ಉಳಿ ಆಳಕ್ಕಿಳಿದ ಕಡೆ ಕಾಗದ ಉಬ್ಬಿ ನಿಂತಿರುತ್ತದೆ.