ನೋವಿಲ್ಲದ ದಿನದ ಮಾತ್ರೆ

ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯ ಬದುಕು ಬಹುಮಟ್ಟಿಗೆ ಕೈಬೆರಳುಗಳನ್ನು ನಂಬಿದ ಬದುಕು. ಶೇಂಗಾ ಬಿಡಿಸುವುದು, ಉಣ್ಣೆ ನೂಲುವುದು, ನೇಯ್ದ ಕಂಬಳಿಗೆ ಹುಣಸೆ ಬೀಜದ ಗಂಜಿ ಹಾಕುವುದು, ರೇಷ್ಮೆ ಸೀರೆಯ ಮಗ್ಗದಲ್ಲಿ ಕಡಿದ ಎಳೆಗೆ ಗಂಟು ಕೊಡುವುದು, ಇವೆಲ್ಲವೂ ಬೆರಳಿನ ಸಣ್ಣ ಕೀಲುಗಳು ನಡೆಸಿಕೊಡುವ ಕೆಲಸಗಳು. ಆ ಸಣ್ಣ ಕೀಲುಗಳನ್ನೇ ಮೊದಲು ಹಿಡಿಯುವ ರೋಗವೊಂದುಂಟು. ವೈದ್ಯರು ಅದನ್ನು ರುಮಟಾಯ್ಡ್ ಸಂಧಿವಾತವೆನ್ನುತ್ತಾರೆ. ನಮ್ಮ ಜನ ಎಲ್ಲ ಬಗೆಯ ಕೀಲುನೋವನ್ನೂ ಒಟ್ಟಿಗೆ ಸೇರಿಸಿ ‘ವಾಯು’ ಎಂದುಬಿಡುತ್ತಾರೆ. ಈ ರೋಗಕ್ಕೆ ಔಷಧಗಳುಂಟು. ಅವನ್ನು ನಡುವೆ ಬಿಡದೆ ತೆಗೆದುಕೊಳ್ಳಲು ರೋಗಿಗೆ ಯಾವುದು ನೆರವಾದೀತು ಎಂಬುದೇ ಇಂದಿನ ವಿಚಾರ.

ಇದು ವಯಸ್ಸಾಗಿ ಕೀಲು ಸವೆದು ಬರುವ ನೋವಲ್ಲ. ಶರೀರವನ್ನು ಕಾಯಬೇಕಾದ ಶಕ್ತಿಯೇ ದಾರಿ ತಪ್ಪಿ ಕೀಲಿನ ಒಳಪೊರೆಯ ಮೇಲೆ ತಿರುಗಿ ಬೀಳುವುದರಿಂದ ಬರುವುದು. ಗಂಡಸರಿಗಿಂತ ಹೆಂಗಸರಲ್ಲಿ ಇದು ಎರಡು ಮೂರು ಪಟ್ಟು ಹೆಚ್ಚು. ಬೆಳಗ್ಗೆ ಎದ್ದಾಗ ಬೆರಳುಗಳು ಗಂಟೆಗಟ್ಟಲೆ ಬಿಗಿದುಕೊಂಡಿರುತ್ತವೆ, ಎರಡೂ ಕೈಗಳು ಊದುತ್ತವೆ. ಅಲಕ್ಷಿಸಿದರೆ ಮೂಳೆ ಸವೆದು ಬೆರಳು ಸೊಟ್ಟಗಾಗುತ್ತದೆ. ಹಾಗೆ ಕೆಟ್ಟ ಕೀಲನ್ನು ಮೊದಲಿನಂತೆ ಮಾಡುವ ಮಾತ್ರೆ ಇಲ್ಲ.

ರೋಗಿಯ ಕೈಗೆ ಬರುವ ಔಷಧಗಳಲ್ಲಿ ಎರಡು ಬಗೆ. ಒಂದು ಗಂಟೆಯೊಳಗೆ ನೋವನ್ನು ಇಳಿಸುವುದು ಒಂದು ಬಗೆ. ರೋಗದ ಬೇರನ್ನೇ ಹಿಡಿಯುವುದು ಇನ್ನೊಂದು. ಈ ಎರಡನೆಯದರಲ್ಲಿ ಮುಖ್ಯವಾದುದು ಮೆಥೊಟ್ರೆಕ್ಸೇಟ್. ಅದು ಫಲ ತೋರಲು ಆರರಿಂದ ಹನ್ನೆರಡು ವಾರಗಳೇ ಬೇಕು. ಇದನ್ನು ತಿಳಿಯದವರು ಹದಿನೈದು ದಿನ ನುಂಗಿ, ‘ಮದ್ದು ನಾಟಲಿಲ್ಲ’ ಎಂದು ಬಿಡುತ್ತಾರೆ. ಬಿಟ್ಟವರ ಕಣ್ಣು ಹೆಸರಿಲ್ಲದ ಪುಡಿಗಳತ್ತ ಹೊರಳುತ್ತದೆ. ಮರುದಿನವೇ ಮೈ ಹಗುರ ಮಾಡುವ ಇಂಥ ಕೆಲವು ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆತಿರುವುದು ಪರೀಕ್ಷೆಗಳಲ್ಲಿ ಕಂಡುಬಂದಿದೆ.

ಇನ್ನು ಕೆಲವರು ಗುಣ ಕಂಡ ಮೇಲೆ ಬಿಡುತ್ತಾರೆ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಎಂಬುದು ಅವರ ಲೆಕ್ಕ. ಆದರೆ ನೋವಿಲ್ಲವೆಂದರೆ ರೋಗವಿಲ್ಲವೆಂದಲ್ಲ. ಬೇಸಿಗೆಯ ವೇದಾವತಿಯಲ್ಲಿ ಮೇಲೆ ಬರಿಯ ಮರಳು ಕಂಡರೂ ಕೆಳಗೆ ನೀರು ಸುಳಿದಾಡುತ್ತಿರುವುದನ್ನು ನಮ್ಮವರು ಬಲ್ಲರು. ರೋಗವೂ ಹಾಗೆಯೇ. ನೋವಿಲ್ಲದ ದಿನ ನುಂಗುವ ಮಾತ್ರೆಯೇ ನಾಳೆಯ ಬೆರಳನ್ನು ಕಾಯುವುದು.

ಮೂರನೆಯ ಕಾರಣ ಭಯ. ‘ಅದು ಕ್ಯಾನ್ಸರಿನ ಔಷಧವಂತೆ’ ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ಮಾತ್ರೆಯ ಪೊಟ್ಟಣ ಗೂಡು ಸೇರುತ್ತದೆ. ಮಾತು ಸುಳ್ಳಲ್ಲ, ಆದರೆ ಪೂರ್ಣವೂ ಅಲ್ಲ. ಆಂಧ್ರದ ಭೀಮಾವರಂನಲ್ಲಿ ಹುಟ್ಟಿ ಅಮೆರಿಕದಲ್ಲಿ ದುಡಿದ ಯಲ್ಲಾಪ್ರಗಡ ಸುಬ್ಬರಾವ್ ಅವರ ತಂಡ 1940ರ ದಶಕದಲ್ಲಿ ಈ ಜಾತಿಯ ಔಷಧಗಳನ್ನು ಸಿದ್ಧಪಡಿಸಿತು. ಅವುಗಳಲ್ಲೊಂದು 1948ರಲ್ಲಿ ಮಕ್ಕಳ ರಕ್ತದ ಕ್ಯಾನ್ಸರನ್ನು ಕೆಲಕಾಲ ತಡೆದು ಪ್ರಸಿದ್ಧಿಗೆ ಬಂತು. 1951ರಲ್ಲಿ ಅದನ್ನೇ ಸಂಧಿವಾತಕ್ಕೂ ಪ್ರಯೋಗಿಸಿ ನೋಡಿದರು. 1988ರಲ್ಲಿ ಅಮೆರಿಕ ಸರ್ಕಾರ ಮೆಥೊಟ್ರೆಕ್ಸೇಟನ್ನು ಈ ರೋಗಕ್ಕೆ ಅಂಗೀಕರಿಸಿತು. ಇಲ್ಲಿ ಕೊಡುವ ಪ್ರಮಾಣ ವಾರಕ್ಕೆ ಸಾಮಾನ್ಯವಾಗಿ 7.5ರಿಂದ 25 ಮಿಲಿಗ್ರಾಂ. ಕ್ಯಾನ್ಸರಿಗೆ ಕೊಡುವುದು ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚಿರಬಹುದು. ಇಷ್ಟನ್ನು ವೈದ್ಯರೇ ಮೊದಲು ಹೇಳಿದರೆ ನೆರೆಮನೆಯ ಮಾತಿಗೆ ಬಲ ಉಳಿಯದು.

ಈ ಔಷಧವನ್ನು ವಾರಕ್ಕೆ ಒಂದೇ ದಿನ ತೆಗೆದುಕೊಳ್ಳಬೇಕು. ತಪ್ಪಿ ದಿನವೂ ನುಂಗಿದರೆ ಪ್ರಾಣಕ್ಕೇ ಕುತ್ತು. ಇಲ್ಲಿ ನಮ್ಮ ರೂಢಿಯೇ ನೆರವಿಗೆ ಬರುತ್ತದೆ. ಮನೆದೇವರಿಗೆ ಸೋಮವಾರವೋ ಶನಿವಾರವೋ ‘ವಾರ ಹಿಡಿಯುವ’ ಮನೆಗಳಲ್ಲಿ ಆ ದಿನವನ್ನು ಯಾರೂ ಮರೆಯರು. ಔಷಧಕ್ಕೂ ಹಾಗೆಯೇ ಒಂದು ವಾರ ಹಿಡಿಯಬೇಕು. ಉಪವಾಸದ ದಿನ ಬೇಡ, ಹೊಟ್ಟೆ ತುಂಬ ಉಣ್ಣುವ ದಿನವಿರಲಿ. ಊಟದ ಮೇಲೆ ನುಂಗಿದರೆ ವಾಕರಿಕೆ ಕಡಮೆ. ಚೀಟಿಯಲ್ಲಿ ದಿನದ ಹೆಸರನ್ನು ಕನ್ನಡದಲ್ಲಿ ಬರೆಸಿಕೊಳ್ಳಿ. ಜೊತೆಗೆ ಕೊಡುವ ಫೋಲಿಕ್ ಆಮ್ಲಕ್ಕೆ ಬೇರೆ ದಿನವಿರಲಿ. ಓದಬಲ್ಲ ಮಗನೋ ಸೊಸೆಯೋ ಕ್ಯಾಲೆಂಡರಿನಲ್ಲಿ ಗುರುತು ಹಾಕಿದರೆ ರೋಗಿ ಒಂಟಿಯಲ್ಲವೆಂಬ ಧೈರ್ಯವೂ ಬರುತ್ತದೆ.

ದೀರ್ಘಕಾಲದ ರೋಗಗಳಲ್ಲಿ ಔಷಧವನ್ನು ಹೇಳಿದಂತೆ ತೆಗೆದುಕೊಳ್ಳುವವರು ಸಿರಿವಂತ ದೇಶಗಳಲ್ಲಿಯೂ ಸುಮಾರು ಅರ್ಧದಷ್ಟೇ ಎಂದು ವಿಶ್ವ ಆರೋಗ್ಯ ಸಂಸ್ಥೆ 2003ರಲ್ಲಿ ಹೇಳಿತು. ಆದುದರಿಂದ ಇದನ್ನು ಹಳ್ಳಿಗರ ಅಜ್ಞಾನವೆಂದು ಜರೆಯುವುದು ಅನ್ಯಾಯ. ಮೊಳಕಾಲ್ಮೂರಿನಿಂದ ಚಿತ್ರದುರ್ಗಕ್ಕೋ ಬಳ್ಳಾರಿಗೋ ಹೋಗಿ ಬರುವುದೆಂದರೆ ಒಂದು ದಿನದ ಕೂಲಿ ಹೋಯಿತು. 2023ರ ಜೂನ್‌ನಲ್ಲಿ ಆರಂಭವಾದ ಶಕ್ತಿ ಯೋಜನೆ ಹೆಂಗಸರ ಬಸ್ಸಿನ ಖರ್ಚನ್ನು ಇಳಿಸಿತು, ಕೂಲಿಯ ನಷ್ಟವನ್ನಲ್ಲ. ಯಕೃತ್ತಿನ ಮತ್ತು ರಕ್ತಕಣಗಳ ಪರೀಕ್ಷೆ ತಾಲ್ಲೂಕಿನಲ್ಲೇ ಆಗಿ, ಸ್ಥಿತಿ ನೆಲೆನಿಂತವರಿಗೆ ಎರಡು ಮೂರು ತಿಂಗಳ ಔಷಧ ಒಟ್ಟಿಗೆ ಸಿಕ್ಕರೆ, ಎಷ್ಟೋ ಉಪದೇಶಗಳಿಗಿಂತ ಅದೇ ಮೇಲು.

ವೈದ್ಯರು ಕೇಳುವ ರೀತಿಯೂ ದೊಡ್ಡದು. ‘ತಪ್ಪದೆ ನುಂಗಿದಿರಾ?’ ಎಂದು ಕೇಳಿದರೆ ಬರುವ ಉತ್ತರ ‘ಹೂಂ’ ಒಂದೇ. ‘ಹೋದ ತಿಂಗಳು ಎಷ್ಟು ವಾರ ತಪ್ಪಿತಮ್ಮಾ? ಏನು ತೊಂದರೆಯಾಯಿತು?’ ಎಂದು ಕೇಳಿದರೆ ನಿಜ ಹೊರಬೀಳುತ್ತದೆ. ಬಾಯಿಹುಣ್ಣು, ಜ್ವರ, ಮದ್ಯದ ಅಭ್ಯಾಸ, ಇವೆಲ್ಲ ಆಗ ಮಾತಿಗೆ ಬರುತ್ತವೆ. ಮಗುವನ್ನು ಬಯಸುವ ಹೆಣ್ಣುಮಗಳೂ ಆಗ ಬಾಯಿ ಬಿಟ್ಟಾಳು. ಗರ್ಭಿಣಿಗೆ ಈ ಔಷಧ ಸಲ್ಲದು. ಆಕೆ ಮುಂಚಿತವಾಗಿ ಹೇಳಿದರೆ ವೈದ್ಯರು ಬದಲಿ ಔಷಧ ಕೊಡಬಲ್ಲರು. ಹೇಳಲು ನಾಚಿ ಗುಟ್ಟಾಗಿ ಬಿಟ್ಟರೆ ರೋಗ ಮತ್ತೆ ತಲೆಯೆತ್ತುತ್ತದೆ.

ರೋಗಿ ಬಯಸುವುದು ಅರ್ಥವಾಗುವ ಕಾರಣವನ್ನು, ನೆನಪಿನಲ್ಲುಳಿಯುವ ಒಂದು ದಿನವನ್ನು, ಹೆದರದೆ ಮಾತಾಡಬಲ್ಲ ವೈದ್ಯರನ್ನು. ಇವು ಮೂರೂ ದೊರೆತರೆ ಮಗ್ಗದ ಮುಂದಿನ ಕೈಗಳು ಇನ್ನೂ ಬಹುಕಾಲ ಕಡಿದ ಎಳೆಗೆ ಗಂಟು ಕೊಟ್ಟಾವು.