ಪ್ಯಾರಾ ನಂಬರು ತಪ್ಪಿದರೆ
(ಮರಳೂರಿನಲ್ಲಿ ಕಂಪ್ಯೂಟರ್ ಕಲಿಯುವವರಿಗೆ ಮಾಡಿದ ಭಾಷಣ)



ನಿಮ್ಮಲ್ಲಿ ಕೆಲವರು ನಾಳೆ ತುಮಕೂರು, ಗುಬ್ಬಿ, ಕುಣಿಗಲ್ ಕೋರ್ಟುಗಳ ಹತ್ತಿರ ಟೈಪಿಂಗ್ ಅಂಗಡಿಯಲ್ಲಿ ಕೂರುವವರು. ವಕೀಲರು ಕೊಟ್ಟಿದ್ದನ್ನು ಟೈಪ್ ಮಾಡಿದರೆ ಆಯ್ತು, ನಂಬರನ್ನು ಕಂಪ್ಯೂಟರೇ ಹಾಕಿಕೊಳ್ಳುತ್ತೆ ಅಂತ ನಾವು ಅಂದುಕೊಳ್ಳುತ್ತೇವೆ. ಆದರೆ ಆ ನಂಬರಿನ ಹಿಂದೆ ಒಂದು ಸಂಸಾರದ ಮನೆ, ಜಮೀನು ಇರುತ್ತದೆ.

1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 6ನೇ ಆದೇಶ ಏನು ಹೇಳುತ್ತದೆ? ದಾವೆಯನ್ನು ಪ್ಯಾರಾಗಳಾಗಿ ವಿಂಗಡಿಸಿ ಕ್ರಮವಾಗಿ ನಂಬರು ಕೊಡಬೇಕು. ಕೊನೆಯ ಸತ್ಯಾಪನೆಯಲ್ಲಿ ಯಾವ ಪ್ಯಾರಾ ತನಗೆ ಸ್ವತಃ ಗೊತ್ತು, ಯಾವುದು ಬೇರೆಯವರಿಂದ ತಿಳಿದು ನಂಬಿದ್ದು ಎಂದು ನಂಬರು ಹಿಡಿದು ಹೇಳಿ ಸಹಿ ಹಾಕಬೇಕು.

ಒಂದು ಉದಾಹರಣೆ ನೋಡೋಣ. ತಂಗಿಯೊಬ್ಬಳು ಭಾಗ ಕೇಳಿ ದಾವೆ ಹಾಕುತ್ತಾಳೆ. ಒಂಬತ್ತು ಪ್ಯಾರಾ. 1ರಿಂದ 5 ಸ್ವಂತ ತಿಳುವಳಿಕೆ, 6ರಿಂದ 9 ಇತರರಿಂದ ತಿಳಿದದ್ದು. ಸಂಜೆ ವಕೀಲರು ಮೂರನೆಯದರ ನಂತರ ಇನ್ನೊಂದು ಪ್ಯಾರಾ ಸೇರಿಸಿ ಅಂತಾರೆ. ನಂಬರುಗಳು ತಾವೇ ಜರುಗಿದವು. ಕೈಯಿಂದ ಟೈಪ್ ಮಾಡಿದ ಸತ್ಯಾಪನೆ ಜರುಗಲಿಲ್ಲ. ಅಣ್ಣ ತನ್ನನ್ನು ಹೊರಗೆ ಹಾಕಿದ 5ನೇ ಪ್ಯಾರಾ ಈಗ 6 ಆಗಿದೆ. ಸ್ವತಃ ಅನುಭವಿಸಿದ್ದು ಕೇಳಿದ ಮಾತಾಯ್ತು. 10ನೇ ಪ್ಯಾರಾಕ್ಕಂತೂ ಸತ್ಯಾಪನೆಯೇ ಇಲ್ಲ.

ಪ್ರತಿವಾದಿಯ ಕಷ್ಟವೂ ಕಡಿಮೆಯಲ್ಲ. 8ನೇ ಆದೇಶದ ಪ್ರಕಾರ ದಾವೆಯ ಪ್ರತಿ ಅಂಶವನ್ನೂ ನಿರ್ದಿಷ್ಟವಾಗಿ ಅಲ್ಲಗಳೆಯಬೇಕು. ಅಲ್ಲಗಳೆಯದ್ದನ್ನು ಸಾಮಾನ್ಯವಾಗಿ ಒಪ್ಪಿಕೊಂಡಂತೆ ತಿಳಿಯಲಾಗುತ್ತದೆ. 7ರ ಬದಲು 6 ಎಂದು ಬಿದ್ದರೆ, ಒಪ್ಪಬಾರದ್ದನ್ನು ಒಪ್ಪಿದರು ಎಂಬ ವಾದಕ್ಕೆ ನಾವೇ ದಾರಿ ಮಾಡಿಕೊಟ್ಟಂತೆ.

ಹಾಗಾದರೆ ನಾವು ಏನು ಮಾಡಬೇಕು?

ಒಂದು, ಒಂದು ಕಾಗದದಲ್ಲಿ ಅರ್ಧ ನಂಬರು ಕೈಯಿಂದ, ಅರ್ಧ ತಾನಾಗಿ ಬರುವುದು ಬೇಡ.

ಎರಡು, "ಮೇಲಿನ 4ನೇ ಪ್ಯಾರಾ" ಅಂತ ಬರೆಯುವಲ್ಲಿ ಅಂಕಿ ಟೈಪ್ ಮಾಡಬೇಡಿ. ವರ್ಡ್‌ನಲ್ಲಿ ಕ್ರಾಸ್ ರೆಫರೆನ್ಸ್ ಎಂಬುದಿದೆ, ಅದರಿಂದ ಹಾಕಿ. ಸತ್ಯಾಪನೆಗೂ ಹಾಗೆಯೇ. ಆದರೆ ಅದು ತಕ್ಷಣ ಬದಲಾಗುವುದಿಲ್ಲ. ಕಂಟ್ರೋಲ್ ಜೊತೆ ಎ ಒತ್ತಿ ಎಲ್ಲ ಆರಿಸಿ, ಎಫ್9 ಒತ್ತಬೇಕು. ಇದನ್ನು ಮರೆತರೆ ಹಳೆಯ ನಂಬರೇ ಪ್ರಿಂಟ್ ಆಗಿಬಿಡಬಹುದು.

ಮೂರು, ಹಳೆಯ ಕೇಸಿನ ಫೈಲಿನಿಂದ ಪ್ಯಾರಾ ತಂದು ಅಂಟಿಸುವಾಗ ಬರೀ ಅಕ್ಷರ ಮಾತ್ರ ತನ್ನಿ. ಇಲ್ಲದಿದ್ದರೆ ಅದರ ನಂಬರಿನ ಸಾಲೂ ಜೊತೆಗೆ ಬಂದು, ನಡುವೆ ಮತ್ತೆ 1ರಿಂದ ಶುರುವಾಗಬಹುದು.

ನಾಲ್ಕು, ಕೋರ್ಟಿಗೆ ಸಲ್ಲಿಸಿದ ಮೇಲೆ ನಂಬರು ಕದಲಬಾರದು. ಎದುರು ಪಕ್ಷದವರು ಅದೇ ನಂಬರು ಹಿಡಿದು ಉತ್ತರ ಕೊಟ್ಟಿರುತ್ತಾರೆ. ತಿದ್ದುಪಡಿಗೆ ಕೋರ್ಟು ಅನುಮತಿ ಕೊಟ್ಟರೆ ಹೊಸ ಪ್ಯಾರಾಕ್ಕೆ 5(ಎ) ಎಂದು ಕೊಡುವ ರೂಢಿ ಇದಕ್ಕೇ. ನಮ್ಮ ಸಂವಿಧಾನವನ್ನೇ ನೋಡಿ: 2002ರ 86ನೇ ತಿದ್ದುಪಡಿಯಲ್ಲಿ ಮಕ್ಕಳ ಶಿಕ್ಷಣದ ಹಕ್ಕು ಬಂದಾಗ ಅದಕ್ಕೆ 21ಎ ಅಂತ ಕೊಟ್ಟರು, 22 ಇದ್ದಲ್ಲೇ ಉಳಿಯಿತು. ಕಂಪ್ಯೂಟರಿಗೆ ಈ ವಿವೇಕ ಇಲ್ಲ, ನಮಗಿರಬೇಕು. ಸಲ್ಲಿಸಿದ ಪ್ರತಿಯನ್ನು ಪಿಡಿಎಫ್ ಮಾಡಿ ಬೇರೆ ಇಡಿ.

ಕೊನೆಯ ಮಾತು. ಪ್ರಿಂಟ್ ತೆಗೆದ ಮೇಲೆ ಇಬ್ಬರು ಕುಳಿತುಕೊಳ್ಳಿ. ಒಬ್ಬರು ಓದಲಿ, ಇನ್ನೊಬ್ಬರು ನಂಬರಿಗೆ ಗುರುತು ಹಾಕಲಿ. ಸಹಿ ಹಾಕುವ ತಾಯಿಗೆ ಓದು ಬಾರದಿದ್ದರೆ, "ಅಮ್ಮಾ, ಇದು ನೀವೇ ಕಂಡಿದ್ದಾ, ಯಾರಾದ್ರೂ ಹೇಳಿದ್ದಾ?" ಅಂತ ಪ್ಯಾರಾ ಪ್ಯಾರಾ ಓದಿ ಕೇಳಿ. ಅನುಮಾನ ಬಂದರೆ ವಕೀಲರಿಗೆ ತಿಳಿಸಿ. ಹತ್ತು ನಿಮಿಷದ ಕೆಲಸ. ಆಕೆ ಹೆಬ್ಬೆಟ್ಟು ಒತ್ತುವುದು ನಮ್ಮನ್ನು ನಂಬಿ.